ಆಟಿ ತಿಂಗಳ ಮಳೆಯಲ್ಲಿ ಸೆಗಣಿ, ಬೆಲ್ಲ, ಕೂದಲಿನ ಶಿಲ್ಪಗಳು: ಹಂಚಿನ ಮಾಡಿನ ಮ್ಯೂಸಿಯಂನಲ್ಲಿ ಏಳು ವಾರ ಕಾಯುವುದು ಹೇಗೆ?

ಹಂಚಿನಮಾಡು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕರಾವಳಿಯ ಒಂದು ಸಣ್ಣ ಮ್ಯೂಸಿಯಂನಲ್ಲಿ ಜುಲೈ 20ರಿಂದ ಸೆಪ್ಟೆಂಬರ್ 7ರವರೆಗೆ ಶಿಲ್ಪ ಪ್ರದರ್ಶನ ಇದೆ. ಕಲ್ಲು, ಮರ, ಕಂಚಿನದ್ದು ಒಂದೂ ಇಲ್ಲ. ಬರುವ ಕೆಲಸಗಳು ಇವು:

ಸೆಗಣಿ ಇಟ್ಟಿಗೆಯ ಗೋಡೆ, 6 ಅಡಿ ಉದ್ದ, 5 ಅಡಿ ಎತ್ತರ, ಅಂದಾಜು 250 ಕೆಜಿ. ಇಟ್ಟಿಗೆ ತಟ್ಟಿ ಆಗಿದೆ, ಇನ್ನೂ ಪೂರ್ತಿ ಒಣಗಿಲ್ಲ.
ಕೂದಲಿನ ಹಗ್ಗ 300 ಮೀಟರ್, ಗೋಡೆಯ ಕೊಕ್ಕೆಗಳಿಂದ ಇಳಿಬಿಡುವಂಥದ್ದು.
ಅಡಿಕೆ ಹಾಳೆ ಹೊಲಿದು ಮಾಡಿದ ಆಳೆತ್ತರದ ಎರಡು ಆಕೃತಿಗಳು.
ಬೆಲ್ಲ ಎರಕ ಹೊಯ್ದ ಮೂರು ತಲೆಗಳು, ಒಟ್ಟು 40 ಕೆಜಿ.
ಸಕ್ಕರೆ ಅಚ್ಚಿನ 60 ಸಣ್ಣ ಗೊಂಬೆಗಳು. ಇವನ್ನು ಜುಲೈ ಮೊದಲ ವಾರ ಇಲ್ಲೇ ಹೊಯ್ಯಬೇಕು.
ಸ್ಕೂಟರ್ ಟ್ಯೂಬ್ ಕತ್ತರಿಸಿ ನೇಯ್ದ ಒಂದು ಕೆಲಸ.
ಸ್ಟೀಲ್ ಪಾತ್ರೆ ಬೆಸೆದು ಮಾಡಿದ ತೂಗುಗೊಂಚಲು, 180 ಕೆಜಿ.

ಹಾಲ್ 40 ಅಡಿ ಉದ್ದ, 25 ಅಡಿ ಅಗಲ, 12 ಅಡಿ ಎತ್ತರ. ಮುರಕಲ್ಲಿನ (ಜಂಬಿಟ್ಟಿಗೆ) ಗೋಡೆ, ಮಂಗಳೂರು ಹಂಚು, ಕೆಳಗೆ ಹಲಗೆಯ ಮುಚ್ಚಿಗೆ. ಒಂದೂವರೆ ಟನ್ನಿನ ಎರಡು ಏಸಿ ಇವೆ, ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಮಾತ್ರ ಓಡುತ್ತವೆ. ರಾತ್ರಿ ಮೇನ್ ಸ್ವಿಚ್ ಆಫ್ ಮಾಡುವುದು ಇಲ್ಲಿನ ಕ್ರಮ. ಗಾಳಿಯಿಂದ ದಿನಕ್ಕೆ 20 ಲೀಟರ್ ನೀರು ಹಿಂಡುವ ಒಂದು ಡಿಹ್ಯೂಮಿಡಿಫೈಯರ್ ಇದೆ.

ಕೇಳಬೇಕಾದ್ದು ನಾಲ್ಕು. ಇಷ್ಟು ಏಸಿ ಸಾಕೇ? ಸೆಗಣಿಗೆ ಫೆವಿಕಾಲ್ ನೀರು ಅಥವಾ ವಾರ್ನಿಶ್ ಹೊಡೆದರೆ ಬೂಷ್ಟು ಬರುವುದಿಲ್ಲ ಎನ್ನುತ್ತಾರೆ, ಹೌದೇ? ಕೂದಲಿಗೆ ನುಸಿಗುಳಿಗೆ ಹಾಕಬಹುದೇ? ಗೊಂಚಲನ್ನು ಮಾಡಿನ ಜಂತಿಗೆ ತೂಗುಹಾಕಬಹುದೇ?

ಉಪ್ಪು75 ಉತ್ತರ:

ಮೊದಲ ಪ್ರಶ್ನೆಗೆ ಮಾತ್ರ ಬರೆಯುತ್ತೇನೆ, ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ.

ಸಾಲದು. ಅದಕ್ಕಿಂತ ಮುಖ್ಯವಾಗಿ, ಹಗಲು ಹಾಕಿ ರಾತ್ರಿ ಆರಿಸುವ ಏಸಿ ಇಲ್ಲದ ಏಸಿಗಿಂತ ಕೆಟ್ಟದ್ದು. ಮಳೆಗಾಲದಲ್ಲಿ ನಿಮ್ಮಲ್ಲಿ ಗಾಳಿ 27 ಡಿಗ್ರಿ, ತೇವಾಂಶ ಶೇ. 85 ಎಂದುಕೊಳ್ಳಿ. ಆ ಗಾಳಿಯ ಇಬ್ಬನಿ ಬಿಂದು 24.3 ಡಿಗ್ರಿ. ಅಂದರೆ 24 ಡಿಗ್ರಿಗೆ ತಣಿದಿರುವ ಯಾವ ವಸ್ತುವಿನ ಮೇಲಾದರೂ ಆ ಗಾಳಿ ತಾಗಿದರೆ ನೀರು ಕೂರುತ್ತದೆ. ಸಂಜೆ 5ಕ್ಕೆ ಏಸಿ ಆರಿಸಿ, ಗುಡಿಸುವವರು ಬಾಗಿಲು ತೆರೆದಿಟ್ಟರೆ ಸ್ಟೀಲ್ ಪಾತ್ರೆ ಬೆವರುತ್ತದೆ, ಸೆಗಣಿ ಇಟ್ಟಿಗೆಯ ಹೊರಮೈ ನೀರು ಕುಡಿಯುತ್ತದೆ. ಮರುದಿನ ಮತ್ತೆ ಒಣಗುತ್ತದೆ. ಏಳು ವಾರದಲ್ಲಿ ಹೀಗೆ ಹತ್ತಿರ ಹತ್ತಿರ 50 ಸಲ. ಹಾಳೆ ಸೀಳುವುದು, ಇಟ್ಟಿಗೆ ಚಕ್ಕೆ ಏಳುವುದು ತೇವಕ್ಕಿಂತ ಹೆಚ್ಚಾಗಿ ಈ ಏರಿಳಿತಕ್ಕೆ.

ಈಗ ಲೆಕ್ಕ. ಹಾಲಿನ ಗಾತ್ರ 12,000 ಘನ ಅಡಿ, ಸುಮಾರು 340 ಘನ ಮೀಟರ್. 27 ಡಿಗ್ರಿಯಲ್ಲಿ ಶೇ. 85ರಿಂದ ಶೇ. 60ಕ್ಕೆ ಇಳಿಸಲು ಪ್ರತಿ ಘನ ಮೀಟರ್ ಗಾಳಿಯಿಂದ 6.4 ಗ್ರಾಂ ನೀರು ತೆಗೆಯಬೇಕು. ಹಾಲಿನ ಗಾಳಿ ಒಂದು ಸಲ ಬದಲಾದರೆ 2.2 ಲೀಟರ್. ಹಂಚಿನ ಮಾಡಿನ ಕಟ್ಟಡದಲ್ಲಿ ಗಂಟೆಗೆ ಎರಡು ಸಲ ಗಾಳಿ ಬದಲಾಗುವುದು ದೊಡ್ಡ ಮಾತಲ್ಲ, ಮುಚ್ಚಿಗೆಯ ಹಲಗೆಗಳ ಸಂದೇ ಸಾಕು. ಆಗ ದಿನಕ್ಕೆ 100 ಲೀಟರ್ ಮೀರುತ್ತದೆ. ಒಳಗೆ 20 ಜನ ನಿಂತು ನೋಡುತ್ತಿದ್ದರೆ ಅವರ ಉಸಿರು, ಬೆವರಿನಿಂದ ಗಂಟೆಗೆ ಇನ್ನೊಂದು ಲೀಟರ್. ಒದ್ದೆ ಕೊಡೆ, ರೈನ್‌ಕೋಟ್ ಬೇರೆ. ನಿಮ್ಮ ಎರಡು ಏಸಿ ಸೇರಿ ಗಂಟೆಗೆ ಮೂರು ನಾಲ್ಕು ಲೀಟರ್ ಹಿಂಡಬಲ್ಲವು, ಆದರೆ ಕಂಪ್ರೆಸರ್ ಓಡುವಷ್ಟು ಹೊತ್ತು ಮಾತ್ರ. ಹಾಲ್ ತಣಿದ ಮೇಲೆ ಅದು ನಿಲ್ಲುತ್ತದೆ, ತೇವ ಮತ್ತೆ ಏರುತ್ತದೆ.

ಆದ್ದರಿಂದ ಇಡೀ ಹಾಲನ್ನು ಒಣಗಿಸುವ ಆಸೆ ಬಿಡಿ. ಹಾಲಿನೊಳಗೆ ಒಂದು ಕೋಣೆ ಕಟ್ಟಿ: 12 ಅಡಿ ಉದ್ದ, 10 ಅಡಿ ಅಗಲ, 8 ಅಡಿ ಎತ್ತರ. ಅಲ್ಯೂಮಿನಿಯಂ ಸೆಕ್ಷನ್ನಿನ ಚೌಕಟ್ಟು, ಮುಂದುಗಡೆ ಗಾಜು ಅಥವಾ ಪಾಲಿಕಾರ್ಬೊನೇಟ್, ಮೇಲ್ಗಡೆ ಎರಡು ಪದರ ದಪ್ಪ ಪಾಲಿಥೀನ್. ಎಂಡಿಎಫ್, ಹೊಸ ಪ್ಲೈವುಡ್ ಬೇಡ. ಅವುಗಳಿಂದ ಬರುವ ಅಸಿಟಿಕ್, ಫಾರ್ಮಿಕ್ ಆಮ್ಲದ ಆವಿ ಮುಚ್ಚಿದ ಜಾಗದಲ್ಲಿ ಸೇರಿಕೊಳ್ಳುತ್ತದೆ. ಇಷ್ಟರ ಗಾತ್ರ 27 ಘನ ಮೀಟರ್. ಸಂದುಗಳಿಗೆಲ್ಲ ಟೇಪ್ ಹಾಕಿ ಗಾಳಿ ಬದಲಾವಣೆಯನ್ನು ಗಂಟೆಗೆ ಒಂದಕ್ಕೆ ಇಳಿಸಿದರೆ ದಿನಕ್ಕೆ ತೆಗೆಯಬೇಕಾದ್ದು ನಾಲ್ಕೂ ಚಿಲ್ಲರೆ ಲೀಟರ್. ನಿಮ್ಮ 20 ಲೀಟರಿನ ಯಂತ್ರಕ್ಕೆ ಅದು ಹೆಚ್ಚಲ್ಲ. 20 ಎನ್ನುವುದು 30 ಡಿಗ್ರಿ, ಶೇ. 80 ತೇವದಲ್ಲಿ ಅಳೆದ ಅಂಕಿ, ಶೇ. 55–60ರಲ್ಲಿ ಅದರ ಅರ್ಧ ಬಂದರೆ ಪುಣ್ಯ ಎಂದು ಲೆಕ್ಕ ಹಾಕಿ. ಸೆಗಣಿ, ಕೂದಲು, ಹಾಳೆ ಈ ಮೂರನ್ನು ಒಳಗಿಡಿ. ಜನ ಗಾಜಿನಾಚೆಯಿಂದ ನೋಡಲಿ.

ಎರಡು ಎಡವಟ್ಟುಗಳು ಗ್ಯಾರಂಟಿ. ಒಂದು, ಯಂತ್ರದ ಬಕೆಟ್ ತುಂಬಿದೊಡನೆ ಅದು ತಾನಾಗಿ ನಿಲ್ಲುತ್ತದೆ, ಸಾಮಾನ್ಯವಾಗಿ ನಡುರಾತ್ರಿಯಲ್ಲಿ. ಹಿಂದಿನ ಡ್ರೈನ್ ತೂತಿಗೆ ಪೈಪ್ ಹಾಕಿ, ಯಂತ್ರವನ್ನು ಒಂದು ಸ್ಟೂಲಿನ ಮೇಲಿಟ್ಟು, ಪೈಪ್ ಎಲ್ಲೂ ಮೇಲೇರದಂತೆ ಹೊರಗೆ ಬಿಡಿ. ಎರಡು, ಮೇನ್ ಸ್ವಿಚ್. ಈ ಯಂತ್ರಕ್ಕೆ ಮಾತ್ರ ಬೇರೆ ಎಂಸಿಬಿ, 30 ಮಿಲಿ ಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿಯುವ ಆರ್‌ಸಿಸಿಬಿ ಇರುವ ಪ್ರತ್ಯೇಕ ಲೈನ್ ಎಳೆಸಿ. ಇದಕ್ಕೆ ಒಪ್ಪಿಗೆ ಸಿಗದಿದ್ದರೆ ಪ್ರದರ್ಶನವನ್ನೇ ದೀಪಾವಳಿಯಾಚೆಗೆ ದೂಡುವುದು ಒಳ್ಳೆಯದು.

ತೇವಮಾಪಕ ಸರಿ ಇದೆಯೇ ಎಂದು ನೋಡಲು ಲ್ಯಾಬ್ ಬೇಡ. ಒಂದು ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನ ಹದಕ್ಕೆ ಬರುವಷ್ಟೇ ನೀರು ಸೇರಿಸಿ, ಮಾಪಕದ ಜೊತೆ ಗಾಳಿ ಆಡದ ಡಬ್ಬಿಯಲ್ಲಿ 12 ಗಂಟೆ ಇಡಿ. ಶೇ. 75 ತೋರಿಸಬೇಕು. 79 ತೋರಿಸಿದರೆ ನಾಲ್ಕು ಕಳೆದು ಓದಿಕೊಳ್ಳಿ. ಒಳಗೆ ಎರಡು ಮಾಪಕ ಇಡಿ, ಒಂದು ನೆಲದ ಹತ್ತಿರ, ಇನ್ನೊಂದು ಸೆಗಣಿ ಗೋಡೆಯ ಹಿಂದೆ. ಬೂಷ್ಟು ಮೊದಲು ಹುಟ್ಟುವುದು ಗಾಳಿಯಾಡದ ಆ ಹಿಂಬದಿಯಲ್ಲೇ.

ತಟ್ಟಿದಬೆರಣಿ ಉತ್ತರ:

ಮೇಲಿನವರು ಹೇಳಿದ ಕೋಣೆ ಕಟ್ಟಿಯೇ ಕಟ್ಟಿ. ಇನ್ನು ಸೆಗಣಿ.

ವಾರ್ನಿಶ್, ಫೆವಿಕಾಲ್ ಎರಡೂ ಬೇಡ. ಹಸಿ ಸೆಗಣಿಯಲ್ಲಿ ಶೇ. 80ರಷ್ಟು ನೀರು. ಹೊರಗೆ ಒಣಗಿದಂತೆ ಕಂಡರೂ ನಾಲ್ಕಂಗುಲ ದಪ್ಪದ ಇಟ್ಟಿಗೆಯ ಹೊಟ್ಟೆ ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ. ಅದರ ಮೇಲೆ ಪೊರೆ ಕಟ್ಟಿದರೆ ತೇವ ಒಳಗೇ ಉಳಿದು ಬೂಷ್ಟು ಪೊರೆಯಡಿಯಲ್ಲಿ ಬೆಳೆಯುತ್ತದೆ, ಆಮೇಲೆ ಒರೆಸಲೂ ಆಗುವುದಿಲ್ಲ. ಬಣ್ಣವೂ ಹೋಗಿ ಮೇಲ್ಮೈ ಪ್ಲಾಸ್ಟಿಕ್ಕಿನಂತೆ ಹೊಳೆಯುತ್ತದೆ. ಸೆಗಣಿಯಲ್ಲಿ ಕೆಲಸ ಮಾಡುವವರು ಸೆಗಣಿ ಆರಿಸಿಕೊಳ್ಳುವುದೇ ಆ ಮಂಕು ಮೈಗಾಗಿ. ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ 90ರ ದಶಕದಲ್ಲಿ ಚಿತ್ರಕಲೆಯಿಂದ ಸೆಗಣಿಯತ್ತ ಹೊರಳಿದಾಗ ಅದು ಅಂಗಳ ಸಾರಿಸುವ, ಬೆರಣಿ ತಟ್ಟುವ ವಸ್ತುವಾಗಿಯೇ ಬಂತು, ಅದನ್ನು ಮರೆಮಾಚಲಲ್ಲ.

ಒಣಗಿಸುವುದಕ್ಕೆ ನಿಮ್ಮೂರಲ್ಲೇ ಯಂತ್ರ ಇದೆ: ಅಡಿಕೆ ಡ್ರೈಯರ್. ಮೊದಲ ದಿನ 40 ಡಿಗ್ರಿ ಮೀರಬೇಡಿ, ಮೀರಿದರೆ ಹೊರಮೈ ಬೇಗ ಕುಗ್ಗಿ ನಕ್ಷತ್ರದ ಹಾಗೆ ಬಿರಿಯುತ್ತದೆ. ಎರಡನೇ ದಿನದಿಂದ 50, ಕೊನೆಗೆ 60 ಡಿಗ್ರಿ. ಐದು ಇಟ್ಟಿಗೆಗೆ ಗುರುತು ಹಾಕಿ ದಿನವೂ ಅದೇ ಹೊತ್ತಿಗೆ ತೂಗಿ. ಎರಡು ದಿನದ ತೂಕದ ವ್ಯತ್ಯಾಸ ಶೇ. 1ಕ್ಕಿಂತ ಕಡಿಮೆಯಾದರೆ ಒಣಗಿದೆ. ಇಟ್ಟಿಗೆಯ ನಡುಭಾಗ 55 ಡಿಗ್ರಿಯಲ್ಲಿ ಒಂದು ಗಂಟೆ ನಿಂತರೆ ಮೊಟ್ಟೆ, ಮರಿಹುಳ ಸಮೇತ ಎಲ್ಲ ಸಾಯುತ್ತವೆ. ನಡುವಿಗೆ ತೂತು ಕೊರೆದು ಅಡುಗೆಯ ಪ್ರೋಬ್ ಥರ್ಮಾಮೀಟರ್ ತೂರಿಸಿ ನೋಡಿ. ಕಟ್ಟಿಗೆ ಒಲೆಯ ಡ್ರೈಯರ್ ಆದರೆ ಕೊಳವೆಯಲ್ಲಿ ಬಿರುಕಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ನೀವು ಒಣಗಿಸುತ್ತಿರುವುದು ಕೊನೆಗೂ ಉರುವಲನ್ನೇ.

ಅದೇ ಮಾತು ಪ್ರದರ್ಶನಕ್ಕೂ. 250 ಕೆಜಿ ಒಣ ಸೆಗಣಿ ಎಂದರೆ ಒಂದು ಗಾಡಿ ಕಟ್ಟಿಗೆ. ಉದ್ಘಾಟನೆಯ ದೀಪ ಹೊರಗಿನ ಜಗಲಿಯಲ್ಲೇ ಬೆಳಗಿಸಿ, ಊದುಬತ್ತಿಯೂ ಒಳಗೆ ಬೇಡ. ಎಲ್ಇಡಿ ದೀಪ ಮಾತ್ರ, ಮೀಟರ್ ದೂರದಲ್ಲಿ. ಸೆಗಣಿಗೆ ಬಿದ್ದ ಕೆಂಡ ಜ್ವಾಲೆ ಇಲ್ಲದೆ ಒಳಗೊಳಗೇ ಗಂಟೆಗಟ್ಟಲೆ ಹೊಗೆಯಾಡುತ್ತದೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಜ್ವಾಲೆಯನ್ನು ಆರಿಸುತ್ತದೆ, ಕೆಂಡವನ್ನಲ್ಲ. ಅದು ವೈರಿಂಗಿಗೆ ಇರಲಿ, ಸೆಗಣಿಗಾಗಿ 9 ಲೀಟರಿನ ನೀರಿನ ಸಿಲಿಂಡರ್ ಒಂದನ್ನು ಪಕ್ಕದಲ್ಲಿಡಿ.

ಗೋಡೆಯನ್ನು ಮುರಕಲ್ಲಿಗೆ ತಾಗಿಸಬೇಡಿ, ಮಳೆಗಾಲದಲ್ಲಿ ಮುರಕಲ್ಲು ಸ್ಪಂಜಿನ ಹಾಗೆ. ಅರ್ಧ ಅಡಿ ಬಿಡಿ. ಕೆಳಗೆ ದಪ್ಪ ಪಾಲಿಥೀನ್ ಹಾಸಿ ಅದರ ಮೇಲೆ ಮೊದಲ ಸಾಲು. ಒಳಗೆ ಆಧಾರಕ್ಕೆ ಸರಳು ಬೇಕಾದರೆ ತುಕ್ಕು ಸುಲಭಕ್ಕೆ ಹಿಡಿಯದ 304 ದರ್ಜೆಯ ಸ್ಟೀಲ್. ಕಬ್ಬಿಣವಾದರೆ ತುಕ್ಕಿನ ಕಂದು ಕಲೆ ಮೇಲೆ ಬರುತ್ತದೆ, ಬಿದಿರಾದರೆ ಕುಟ್ಟೆ ಹಿಡಿಯುತ್ತದೆ. ಉದುರುವ ಚಕ್ಕೆಗಳಿದ್ದರೆ ಪ್ಯಾರಲಾಯ್ಡ್ ಬಿ-72 (ಸಂರಕ್ಷಣೆಗೆ ಬಳಸುವ ಅಕ್ರಿಲಿಕ್ ಅಂಟು) ಅನ್ನು ಅಸಿಟೋನಿನಲ್ಲಿ ಶೇ. 5 ಕರಗಿಸಿ ಸಣ್ಣ ಕುಂಚದಿಂದ ಆ ಜಾಗಕ್ಕೆ ಮಾತ್ರ ತಾಗಿಸಿ. ಇದನ್ನು ಆ ಒಣ ಕೋಣೆಯೊಳಗೇ ಮಾಡಬೇಕು. ತೇವದ ಗಾಳಿಯಲ್ಲಿ ಅಸಿಟೋನ್ ಆರುವಾಗ ಮೇಲ್ಮೈ ತಣಿದು ನೀರು ಕೂತು ಬೆಳ್ಳಗೆ ಮಂಜು ಕವಿದ ಹಾಗಾಗುತ್ತದೆ. ಡಿಹ್ಯೂಮಿಡಿಫೈಯರಿನ ಸ್ವಿಚ್ಚಿನಲ್ಲಿ ಕಿಡಿ ಹಾರುತ್ತದೆ, ಅಸಿಟೋನ್ ಆವಿ ಬೇಗ ಹೊತ್ತಿಕೊಳ್ಳುತ್ತದೆ; ಆ ಒಂದು ಗಂಟೆ ಅದನ್ನು ಆರಿಸಿಡಿ, ವಾಸನೆ ಪೂರ್ತಿ ಹೋದ ಮೇಲೆ ಹಾಕಿ.

ಕೂದಲಿಗೆ ನುಸಿಗುಳಿಗೆ ಖಂಡಿತ ಬೇಡ. ನಾಫ್ತಲೀನ್ ಆವಿ ಥರ್ಮೋಕೋಲ್, ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗೆ ಮಾಡುತ್ತದೆ, ಆಮೇಲೆ ಹರಳಾಗಿ ಎಲ್ಲೆಂದರಲ್ಲಿ ಕೂರುತ್ತದೆ, ಆ ಮುಚ್ಚಿದ ಕೋಣೆಯಲ್ಲಿ ಕೆಲಸ ಮಾಡುವವರ ತಲೆ ಸಿಡಿಯುತ್ತದೆ. ಕೂದಲು, ಉಣ್ಣೆ, ಗರಿಗಳನ್ನು ತಿನ್ನುವ ರೋಮದ ಮರಿಹುಳವೇ ನಿಮ್ಮ ಶತ್ರು. ಅದಕ್ಕೆ ಚಳಿ ಮದ್ದು. ಹಗ್ಗವನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ಪಾಲಿಥೀನ್ ಚೀಲದಲ್ಲಿ ಗಾಳಿ ಹಿಂಡಿ ತೆಗೆದು ಟೇಪ್ ಹಾಕಿ, ಅದರ ಮೇಲೆ ಇನ್ನೊಂದು ಚೀಲ. ಮೈನಸ್ 20 ಡಿಗ್ರಿಯಲ್ಲಿ 14 ದಿನ. ಮೀನಿನ ಕೋಲ್ಡ್ ಸ್ಟೋರೇಜ್ ಆಗುತ್ತದೆ, ಎರಡು ಚೀಲ ಹೇಳಿದ್ದು ಅದಕ್ಕೇ. ಹೊರಗೆ ತಂದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ. ಬೆವರು ಚೀಲದ ಹೊರಗೆ ಕೂರಲಿ, ಕೂದಲ ಮೇಲಲ್ಲ. ಅಡಿಕೆ ಹಾಳೆಯ ಆಕೃತಿ ಬಿಚ್ಚಿ ಮಡಿಚಲು ಬಂದರೆ ಅದಕ್ಕೂ ಇದೇ ಚಿಕಿತ್ಸೆ.

ಒಂದು ಸೂಕ್ಷ್ಮ. ಕೂದಲು ತೇವಕ್ಕೆ ಉದ್ದವಾಗುತ್ತದೆ. ಹಳೆಯ ಕಾಲದ ತೇವಮಾಪಕಗಳು ಓಡುತ್ತಿದ್ದದ್ದೇ ಕೂದಲಿನ ಮೇಲೆ. ಪೂರ್ತಿ ಒಣ ಸ್ಥಿತಿಯಿಂದ ಪೂರ್ತಿ ತೇವಕ್ಕೆ ಶೇ. 2ರ ಮೇಲೆ. ಬಿಗಿಯಾಗಿ ಕಟ್ಟಿದ ಹಗ್ಗ ಮಳೆ ಜೋರಾದ ದಿನ ಜೋತುಬೀಳುತ್ತದೆ, ಯಾರೋ ಹೋಗಿ ಬಿಗಿಯುತ್ತಾರೆ, ಒಣಗಿದ ದಿನ ಕೊಕ್ಕೆ ಕಿತ್ತು ಬರುತ್ತದೆ. ಇಳಿಬಿಟ್ಟೇ ಇಡಿ. ಶೀಲಾ ಗೌಡರ ‘ಬಿಹೋಲ್ಡ್’ ಕೆಲಸದಲ್ಲಿ (2009ರ ವೆನಿಸ್ ಬಿಯನಾಲೆ ಕಲಾ ಪ್ರದರ್ಶನದಲ್ಲಿತ್ತು, ಈಗ ಲಂಡನ್ನಿನ ಟೇಟ್ ಮ್ಯೂಸಿಯಂ ಸಂಗ್ರಹದಲ್ಲಿದೆ) 4 ಕಿಲೋಮೀಟರ್ ಕೂದಲ ಹಗ್ಗ 20 ಕಾರ್ ಬಂಪರ್‌ಗಳನ್ನು ಹೊತ್ತಿದೆ. ದೃಷ್ಟಿಯಾಗದಿರಲಿ ಎಂದು ಡ್ರೈವರುಗಳು ಬಂಪರಿಗೆ ಕಟ್ಟುವ ಅದೇ ಹಗ್ಗ. ಅಲ್ಲೂ ಹೆಚ್ಚಿನ ಪಾಲು ಸಡಿಲವಾಗಿ ಕುಣಿಕೆ ಕುಣಿಕೆಯಾಗಿ ಬಿದ್ದಿರುವುದನ್ನು ಗಮನಿಸಿ.

ಗ್ಯಾಸ್‌ಬೆಸುಗೆ ಉತ್ತರ:

ಗೊಂಚಲಿನ ವಿಷಯ. ಜಂತಿಗೆ ಬೇಡ ಮಾರಾಯ್ರೆ. ಆ ಮರಗಳು ಹಂಚಿನ ಭಾರ ಹೊರಲು ಇಟ್ಟದ್ದು, ನಡುವಿನಲ್ಲಿ ಒಂದೇ ಬಿಂದುವಿಗೆ 180 ಕೆಜಿ ಜೋತುಬೀಳಲು ಅಲ್ಲ. ಗೋಡೆಯೊಳಗೆ ಹೊಕ್ಕ ತುದಿ ಗೆದ್ದಲು ತಿಂದಿದೆಯೋ ಇಲ್ಲವೋ ಹೊರಗಿನಿಂದ ಕಾಣುವುದೂ ಇಲ್ಲ. ನೆಲದಿಂದಲೇ ಎದ್ದು ನಿಲ್ಲುವ ನಾಲ್ಕು ಕಾಲಿನ ಚೌಕಟ್ಟು ಮಾಡಿ, ಪ್ರತಿ ಕಾಲಿನ ಕೆಳಗೆ ಒಂದಡಿ ಚದರದ ಪ್ಲೇಟು, ಅದರಡಿ ರಬ್ಬರ್ ಹಾಳೆ. ಮೂಲೆಗಳಿಗೆ ಓರೆ ಆಧಾರ ಬೇಕೇ ಬೇಕು; ಇಲ್ಲದಿದ್ದರೆ ಮಕ್ಕಳು ಗೊಂಚಲನ್ನು ಒಮ್ಮೆ ತಳ್ಳಿದರೆ ಚೌಕಟ್ಟೇ ಓಲಾಡುತ್ತದೆ. ಕಲಾವಿದ ಸುಬೋಧ್ ಗುಪ್ತರ 2008ರ ‘ಲೈನ್ ಆಫ್ ಕಂಟ್ರೋಲ್’ ಕೂಡ ಪಾತ್ರೆಗಳ ಮೋಡದಂತೆ ಕಂಡರೂ ಒಳಗೆ ಉಕ್ಕಿನ ಚೌಕಟ್ಟಿನ ಮೇಲೆ ನಿಂತದ್ದು. ಪಾತ್ರೆ ಪಾತ್ರೆಗೆ ಆಧಾರವಾಗುವುದಿಲ್ಲ.

ತಂತಿಹಗ್ಗದ ಸರ್ಟಿಫಿಕೇಟಿನಲ್ಲಿ ಬರೆದ ತುಂಡಾಗುವ ಭಾರವನ್ನು ತಲೆಯ ಮೇಲೆ ತೂಗುವ ಕೆಲಸಕ್ಕೆ 10ರಿಂದ ಭಾಗಿಸಿ. ಅಂದರೆ 180 ಕೆಜಿಗೆ 1,800 ಕೆಜಿ ತಡೆಯುವ ಹಗ್ಗ, ಒಂದೊಂದು ಎಳೆಗೂ. ‘ಎರಡು ಎಳೆ ಇದೆ, ಅರ್ಧರ್ಧ’ ಎನ್ನಬೇಡಿ. ಎರಡು ಎಳೆಗಳ ನಡುವಿನ ಕೋನ 60 ಡಿಗ್ರಿ ಇದ್ದರೆ ಒಂದೊಂದರ ಮೇಲೆ 104 ಕೆಜಿ. ಕೋನ ಅಗಲವಾಗಿ 120 ಡಿಗ್ರಿಗೆ ಹೋದರೆ ಒಂದೊಂದರ ಮೇಲೂ ಪೂರ್ತಿ 180. ಚಂದ ಕಾಣಲೆಂದು ಅಗಲಿಸಿ ಕಟ್ಟುವಲ್ಲೇ ತಪ್ಪಾಗುವುದು.

ತುದಿಗೆ ಯು-ಕ್ಲಾಂಪ್ ಹಾಕುವಾಗ ಪ್ರತಿ ಕುಣಿಕೆಗೆ ಮೂರು. ಯು ಬಾಗಿದ ಭಾಗ ಭಾರವಿಲ್ಲದ ಬಾಲದ ಎಳೆಯ ಮೇಲೆ, ತಳದ ಗಟ್ಟಿ ಭಾಗ ಭಾರ ಹೊರುವ ಎಳೆಯ ಮೇಲೆ. ಉಲ್ಟಾ ಹಾಕಿದರೆ ಯು ಭಾರದ ಎಳೆಯನ್ನೇ ಜಜ್ಜುತ್ತದೆ. ಹಗ್ಗದ ದಪ್ಪದ ಆರು ಪಟ್ಟು ಅಂತರ ಬಿಡಿ. ಭಾರ ಹಾಕಿದ ಮರುದಿನ ಮತ್ತೆ ಬಿಗಿಯಿರಿ, ಏಕೆಂದರೆ ಹಗ್ಗ ಎಳೆದು ತೆಳ್ಳಗಾಗಿರುತ್ತದೆ. ಮುಖ್ಯ ಹಗ್ಗದ ಜೊತೆಗೆ ಬೇರೆ ಕೊಂಡಿಗೆ ಕಟ್ಟಿದ ಇನ್ನೊಂದು ಸುರಕ್ಷಾ ಹಗ್ಗ ಸ್ವಲ್ಪವೇ ಸಡಿಲವಾಗಿ ಇರಲಿ.

ಪಾತ್ರೆಗಳು ಯಾವ ದರ್ಜೆ ಕೇಳಿ. ಅಂಗಡಿಯ ಅಗ್ಗದ ಲೋಟ, ತಟ್ಟೆ ಹೆಚ್ಚಾಗಿ 202, ನಿಕ್ಕಲ್ ಕಡಿಮೆ. ಕಡಲ ಗಾಳಿಯ ಉಪ್ಪಿಗೆ ಎರಡು ಮೂರು ವಾರದಲ್ಲೇ ಚಹಾ ಕಲೆಯಂಥ ಚುಕ್ಕೆ ಬರುತ್ತದೆ. ಅಯಸ್ಕಾಂತ ಹಿಡಿದು ಪರೀಕ್ಷೆ ಮಾಡುವುದು ನಂಬಿಕೆಗೆ ಸಾಲದು, ಒತ್ತಿ ರೂಪ ಕೊಟ್ಟ 304 ಕೂಡ ಸ್ವಲ್ಪ ಹಿಡಿಯುತ್ತದೆ. ಮೊದಲು ತುಕ್ಕು ಬರುವುದು ಬೆಸುಗೆಯ ನೀಲಿ ಕಂದು ಬಣ್ಣದ ಅಂಚಿನಲ್ಲಿ. ಅಲ್ಲಿಗೆ ಆ ಬಣ್ಣ ತೆಗೆಯುವ ಆಮ್ಲದ ಪಿಕ್ಲಿಂಗ್ ಪೇಸ್ಟ್ ಹಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಚೆನ್ನಾಗಿ ತೊಳೆಯಬೇಕು. ಅದರಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ, ಕೈಗವಸು ಕನ್ನಡಕ ಇಲ್ಲದೆ ಮುಟ್ಟಬಾರದು. ಇದು ಮ್ಯೂಸಿಯಂ ಸಿಬ್ಬಂದಿಯ ಕೆಲಸವಲ್ಲ, ವರ್ಕ್‌ಶಾಪಿನಲ್ಲೇ ಮಾಡಿಸಿ ತರಿಸಿ. ಸಿಬ್ಬಂದಿ ಮಾಡಬೇಕಾದ್ದು ವಾರಕ್ಕೊಮ್ಮೆ ಶುದ್ಧ ನೀರಿನಲ್ಲಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ಒಣಬಟ್ಟೆಯಲ್ಲಿ ಮತ್ತೊಮ್ಮೆ. ಕಬ್ಬಿಣದ ನಾರಿನಿಂದ ಉಜ್ಜಿದರೆ ಅದರ ಚೂರುಗಳೇ ಅಂಟಿ ತುಕ್ಕಾಗುತ್ತವೆ.

ಟ್ಯೂಬಿನ ಕೆಲಸವನ್ನು ಗೊಂಚಲಿನಿಂದ ದೂರವಿಡಿ, ಗೊಂಚಲಿನಲ್ಲಿ ಹಿತ್ತಾಳೆ ತಾಮ್ರದ ಚೊಂಬು ಇದ್ದರಂತೂ ಇನ್ನೂ ದೂರ. ಟ್ಯೂಬಿನ ರಬ್ಬರಿನಲ್ಲಿ ಗಂಧಕ ಇದೆ, ಮುಚ್ಚಿದ ಜಾಗದಲ್ಲಿ ಹೊಳಪು ಕಪ್ಪಾಗುತ್ತದೆ. ಅದಕ್ಕೆ ಬೇಕಾದ್ದು ಕತ್ತಲೆ, ಹೆಚ್ಚೆಂದರೆ 50 ಲಕ್ಸ್ ಬೆಳಕು. ಎಳೆದು ಬಿಗಿಯಾಗಿ ಕಟ್ಟಿದ ರಬ್ಬರ್ ಸಡಿಲ ರಬ್ಬರಿಗಿಂತ ಬೇಗ ಬಿರಿಯುತ್ತದೆ.

ಹಂಚಿನಮಾಡು:

ಎಲ್ಲರಿಗೂ ಧನ್ಯವಾದ. ಅಡಿಕೆ ಡ್ರೈಯರ್ ಸಿಕ್ಕಿತು, ಪ್ರತ್ಯೇಕ ಲೈನಿಗೂ ಒಪ್ಪಿಗೆ ಆಯಿತು. ಬೆಲ್ಲದ ತಲೆಗಳ ಬಗ್ಗೆ ಒಂದು ತೊಡಕು. ಅದರ ಕಲಾವಿದೆ ‘ಕರಗಲಿ, ಕರಗುವುದೇ ಕೆಲಸ’ ಎನ್ನುತ್ತಿದ್ದಾರೆ. ಸಕ್ಕರೆ ಗೊಂಬೆಗಳವರು ‘ಒಂದೂ ಕರಗಬಾರದು’ ಎನ್ನುತ್ತಿದ್ದಾರೆ. ಎರಡನ್ನೂ ಒಂದೇ ಗಾಜಿನ ಪೆಟ್ಟಿಗೆಯಲ್ಲಿಡಲು ಯೋಚಿಸಿದ್ದೆವು.

ಸಂಕ್ರಾಂತಿಅಚ್ಚು ಉತ್ತರ:

ಬೇರೆ ಬೇರೆ ಇಡಿ, ಸಾಧ್ಯವಾದರೆ ಬೇರೆ ಕೋಣೆಯಲ್ಲೇ. ಅವು ನೋಡಲು ನೆಂಟರು, ತೇವದ ಎದುರು ಒಂದಕ್ಕೊಂದು ಸಂಬಂಧವಿಲ್ಲ.

ಶುದ್ಧ ಸಕ್ಕರೆಯ ಹರಳು ತೇವಾಂಶ ಶೇ. 85ರ ಹತ್ತಿರದವರೆಗೆ ಗಾಳಿಯ ನೀರನ್ನು ಎಳೆದು ಕರಗುವುದಿಲ್ಲ. ಫ್ರಕ್ಟೋಸ್ ಶೇ. 62ಕ್ಕೇ ಕರಗತೊಡಗುತ್ತದೆ. ಬೆಲ್ಲದಲ್ಲಿ ಒಡೆದ ಸಕ್ಕರೆ, ಅಂದರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್, ಮೊದಲಿನಿಂದಲೇ ಇರುತ್ತದೆ, ಖನಿಜ ಲವಣಗಳೂ ಇರುತ್ತವೆ. ಮಳೆಗಾಲದಲ್ಲಿ ಡಬ್ಬಿಯ ಬೆಲ್ಲ ಒಸರುವುದು ಅದಕ್ಕೆ. ಸಕ್ಕರೆ ಅಚ್ಚು ಒಸರದೆ ಉಳಿಯಬೇಕೆಂದರೆ ಪಾಕದಲ್ಲಿ ಸಕ್ಕರೆ ಒಡೆಯಬಾರದು. ಕೊಳೆ ತೆಗೆಯಲು ಹಾಲು ಹಾಕಿ, ಆದರೆ ವಾಡಿಕೆಯ ನಿಂಬೆಹುಳಿ ಬಿಟ್ಟುಬಿಡಿ. ಹುಳಿ ಮತ್ತು ಕುದಿ ಸೇರಿದರೆ ಸಕ್ಕರೆ ಒಡೆಯುತ್ತದೆ. ತಿನ್ನುವ ಅಚ್ಚು ಎರಡು ದಿನದಲ್ಲಿ ಖಾಲಿ, ಅಲ್ಲಿ ಅದು ಲೆಕ್ಕಕ್ಕಿಲ್ಲ. ಇದು ಏಳು ವಾರ ನಿಲ್ಲಬೇಕು.

ಒಂದು ಕೆಜಿ ಸಕ್ಕರೆಗೆ 300 ಮಿಲಿ ನೀರು, ಎರಡು ಚಮಚ ಹಾಲು. ಕೆನೆಗಟ್ಟಿದ ಕೊಳೆಯನ್ನು ಬಟ್ಟೆಯಲ್ಲಿ ಸೋಸಿ. ಮರದ ಅಚ್ಚುಗಳನ್ನು ಎರಡು ಮೂರು ಗಂಟೆ ನೀರಲ್ಲಿ ನೆನೆಸಿ, ಒರೆಸಿ, ರಬ್ಬರ್ ಬ್ಯಾಂಡ್ ಹಾಕಿ. ಪಾಕವನ್ನು ಒಮ್ಮೆಗೆ ಒಂದೇ ಸೌಟು ಸಣ್ಣ ಬಾಣಲೆಗೆ ಹಾಕಿ ಕಾಯಿಸಿ, ಅಂಚು ಬೆಳ್ಳಗಾಗುವವರೆಗೆ ತಿರುವಿ, ತಕ್ಷಣ ಹೊಯ್ಯಿರಿ. ಬೆಳ್ಳಗಾಗುವ ಮುನ್ನವೇ ಹೊಯ್ದರೆ ಗಾಜಿನಂತೆ ಅರೆಪಾರದರ್ಶಕವಾಗುತ್ತದೆ. ನೋಡಲು ಚಂದ, ಆದರೆ ಅದು ಹರಳಾಗದ ಸಕ್ಕರೆ, ಶೇ. 85 ಬಿಡಿ, ಶೇ. 50ರ ಗಾಳಿಗೇ ಅಂಟಂಟಾಗುತ್ತದೆ. ಹತ್ತು ನಿಮಿಷಕ್ಕೆ ಬಿಡಿಸಿ. ಜುಲೈ ಗಾಳಿಯಲ್ಲಿ ಇವು ಒಣಗುವುದಿಲ್ಲ, ಉಪ್ಪು75 ಹೇಳಿದ ಕೋಣೆಯಲ್ಲಿ ಎರಡು ದಿನ ಜಾಲರಿಯ ಮೇಲಿಡಿ. ಒಂದು ಡಜನ್ ಹೆಚ್ಚುವರಿ ಮಾಡಿಡಿ, ಕಿವಿ ಬಾಲ ಮುರಿಯುವುದು ಇದ್ದದ್ದೇ.

ಪೆಟ್ಟಿಗೆ 60 ಸೆಂ.ಮೀ. ಉದ್ದ, ಅಷ್ಟೇ ಅಗಲ, 80 ಎತ್ತರ ಇದ್ದರೆ ತೇವ ಹೀರುವ ಸಿಲಿಕಾ ಜೆಲ್ 6 ಕೆಜಿ. ಘನ ಮೀಟರಿಗೆ 20 ಕೆಜಿ ಎಂಬ ಹಳೆಯ ಮ್ಯೂಸಿಯಂ ಲೆಕ್ಕ. ತೂತಿರುವ ತಳದ ಕೆಳಗೆ ತಟ್ಟೆಗಳಲ್ಲಿ ಹರಡಿ. ಎಲ್ಲವೂ ಬಣ್ಣದ ಜೆಲ್ ಬೇಕಿಲ್ಲ, ಒಂದು ಹಿಡಿ ಕಿತ್ತಳೆ ಜೆಲ್ ಮುಂದೆ ಕಾಣುವಂತಿರಲಿ. ಹಸಿರಾದ ದಿನ ಎಲ್ಲವನ್ನೂ ತೆಗೆದು ಬೇಕರಿಯ ಓವನ್ನಿನಲ್ಲಿ 120 ಡಿಗ್ರಿಗೆ ಮೂರು ನಾಲ್ಕು ಗಂಟೆ. ಇನ್ನೊಂದು 6 ಕೆಜಿ ಸಿದ್ಧ ಇದ್ದರೆ ಅದಲು ಬದಲು ಮಾಡಬಹುದು. ದೀಪ ಪೆಟ್ಟಿಗೆಯ ಹೊರಗೆ. ಇರುವೆಗೆ ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುವ ಅಜ್ಜಿ ಉಪಾಯವೇ ಸಾಕು. ಸೊಳ್ಳೆಯಾಗದಂತೆ ದಿನವೂ ನೀರು ಬದಲಿಸಿ. ಮೇಜು ಗೋಡೆಗೆ ತಾಗಿದ್ದರೆ ಮಾತ್ರ ಏನು ಮಾಡಿಯೂ ಪ್ರಯೋಜನವಿಲ್ಲ.

ಇನ್ನು ಬೆಲ್ಲ. ಕರಗಲಿ ಎಂದು ಕಲಾವಿದೆ ಹೇಳಿದರೆ ಅದನ್ನು ಕರಗಿಸುವುದು ಮ್ಯೂಸಿಯಂನ ಕೆಲಸ, ತಡೆಯುವುದಲ್ಲ. ಅಮೆರಿಕದ ಕಲಾವಿದೆ ಜೋಯಿ ಲೆನರ್ಡ್ ಅವರ ‘ಸ್ಟ್ರೇಂಜ್ ಫ್ರೂಟ್’ನಲ್ಲಿ ಹೊಲಿದ ಹಣ್ಣಿನ ಸಿಪ್ಪೆಗಳು 300ರ ಹತ್ತಿರ. ಅವನ್ನು ಕೆಡದಂತೆ ಉಳಿಸುವ ದಾರಿಯನ್ನು ಸಂರಕ್ಷಣಾ ತಜ್ಞರೊಬ್ಬರು ಹುಡುಕಿಯೂ ಕೊಟ್ಟಿದ್ದರು. ಲೆನರ್ಡ್ ಅದನ್ನು ಬೇಡವೆಂದರು, ಫಿಲಡೆಲ್ಫಿಯಾ ಮ್ಯೂಸಿಯಂ ಆ ಷರತ್ತಿನ ಮೇಲೇ ಕೊಂಡಿತು. ಇನ್ನೊಬ್ಬ ಕಲಾವಿದೆ ಕಾರಾ ವಾಕರ್ 2014ರಲ್ಲಿ ಬ್ರೂಕ್ಲಿನ್ನಿನ ಹಳೆಯ ಸಕ್ಕರೆ ಕಾರ್ಖಾನೆಯಲ್ಲಿ ಮಾಡಿದ ಕೆಲಸ ಇನ್ನೂ ಹತ್ತಿರದ್ದು. ಫೋಮ್ ಮೇಲೆ ಬಿಳಿ ಸಕ್ಕರೆ ಮೆತ್ತಿದ ದೈತ್ಯ ಸ್ಫಿಂಕ್ಸ್ ಪ್ರದರ್ಶನ ಮುಗಿಯುವವರೆಗೂ ನಿಂತಿತು, ಸುತ್ತಲಿನ ಹುಡುಗರ ಬೊಂಬೆಗಳಲ್ಲಿ ಪಾಕ ಎರಕ ಹೊಯ್ದವು ಮಾತ್ರ ಸೆಖೆಗೆ ಕರಗಿ ಮುರಿದುಬಿದ್ದವು. ನಿಮ್ಮ ಕೋಣೆಯಲ್ಲೂ ಅದೇ ಆಗಲಿದೆ.

ಹಾಗಾದರೆ ತಟ್ಟೆ ಬೇಕು. 40 ಕೆಜಿ ಬೆಲ್ಲ ಎಂದರೆ 28–30 ಲೀಟರ್, ಎಳೆದುಕೊಳ್ಳುವ ನೀರು ಸೇರಿ 45ಕ್ಕೆ ಲೆಕ್ಕ ಹಾಕಿ. 4 ಅಡಿ ಚದರ, 2 ಅಂಗುಲ ಅಂಚಿನ ಸ್ಟೀಲ್ ತಟ್ಟೆಯಲ್ಲಿ 70 ಲೀಟರಿಗೆ ಜಾಗ ಇದೆ. ಅದರ ಕೆಳಗೆ ಅಂಚು ಮಡಚಿದ ಟಾರ್ಪಾಲ್. ರಸ ತೆಳ್ಳಗಾದಂತೆ ಹುಳಿಯುತ್ತದೆ, ಮೂರನೇ ವಾರದ ಹೊತ್ತಿಗೆ ಸಾರಾಯಿ ಅಂಗಡಿಯ ವಾಸನೆ ಮತ್ತು ಹಣ್ಣುನೊಣ. ತಲೆಗಳ ಸುತ್ತ ನಯವಾದ ಸೊಳ್ಳೆಪರದೆ ಕಟ್ಟಲು ಕಲಾವಿದೆ ಒಪ್ಪುತ್ತಾರಾ ಕೇಳಿ. ಇಲಿಗೆ ಬೋನು ಸಾಕು, ವಿಷ ಇಡಬೇಡಿ. ಎಲ್ಲೋ ಮುಚ್ಚಿಗೆಯೊಳಗೆ ಸತ್ತರೆ ಆ ವಾಸನೆಯ ಮುಂದೆ ಬೆಲ್ಲದ್ದು ಏನೂ ಅಲ್ಲ.

ಕಲಾವಿದೆಯ ಹತ್ತಿರ ಬರೆಸಿಕೊಳ್ಳಬೇಕಾದ್ದು: ಎಷ್ಟು ಕರಗಿದ ಮೇಲೆ ಕೆಲಸ ಮುಗಿಯಿತು, ಮೂಗು ಹೋದಾಗಲೋ, ತಲೆ ಮಗುಚಿದಾಗಲೋ? ಮಗುಚಿದ್ದನ್ನು ಎತ್ತಿ ನಿಲ್ಲಿಸಬೇಕೇ? ರಸ ಯಾರದ್ದು, ಚೆಲ್ಲಬಹುದೇ? ಹೊಸ ತಲೆ ಹೊಯ್ಯಬೇಕಾದರೆ ಅಚ್ಚು ಯಾರ ಹತ್ತಿರ, ಖರ್ಚು ಯಾರದ್ದು? ಪ್ರತಿ ಸೋಮವಾರ ಒಂದೇ ಜಾಗದಿಂದ, ಪಕ್ಕದಲ್ಲಿ ಅಡಿಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಆಗಸ್ಟ್‌ನಲ್ಲಿ ‘ನೀವು ಕೆಡಿಸಿದಿರಿ’ ಎಂಬ ಮಾತು ಬಂದರೆ ಆ ಫೋಟೋ ಮತ್ತು ಆ ಕಾಗದವೇ ಉತ್ತರ.

ಹಂಚಿನಮಾಡು:

ಬರೆಸಿಕೊಳ್ಳುತ್ತೇವೆ. ಸೊಳ್ಳೆಪರದೆಗೆ ಒಪ್ಪಿದ್ದಾರೆ, ಬಿಳಿ ಬೇಡ, ಕಪ್ಪು ಬೇಕಂತೆ. ಕೊನೆಯ ಎರಡು ಪ್ರಶ್ನೆ: ಹಾಳೆಗೆ ಬೋರಾಕ್ಸ್ ನೀರು ಸಿಂಪಡಿಸಿದರೆ ಬೂಷ್ಟಿಗೂ ಬೆಂಕಿಗೂ ಆಗುತ್ತದೆ ಎಂದು ಒಬ್ಬರು ಹೇಳಿದರು, ಮಾಡಬಹುದೇ? ಮತ್ತೆ ಆ ಒಣ ಕೋಣೆಗೆ ಬಾಗಿಲು ಎಲ್ಲಿ ಇಡುವುದು?

ತಟ್ಟಿದಬೆರಣಿ:

ಬೋರಾಕ್ಸ್ ಏಳು ಪಾಲು, ಬೋರಿಕ್ ಆಮ್ಲ ಮೂರು ಪಾಲು, ನೀರಿನಲ್ಲಿ ಶೇ. 10. ಇದು ಸೆಣಬು, ಬಿದಿರಿಗೆ ಹಳೆಯ ಮದ್ದು, ಕೆಲಸವನ್ನೂ ಮಾಡುತ್ತದೆ. ಆದರೆ ಮುಗಿದ ಶಿಲ್ಪಕ್ಕಲ್ಲ, ಹೊಲಿಯುವ ಮೊದಲು ಹಾಳೆಗೆ. ಈಗ ಸಿಂಪಡಿಸಿದರೆ ಹಾಳೆ ಒಂದೇ ಮೈಯಲ್ಲಿ ನೆನೆದು ಸುರುಳಿಯಾಗುತ್ತದೆ, ಹೊಲಿಗೆಯ ತೂತಿನಿಂದ ಸೀಳುತ್ತದೆ, ಒಣಗಿದ ಮೇಲೆ ಬಿಳಿ ಪುಡಿ ಉಳಿಯುತ್ತದೆ. ಬಿಡಿ.

ಉಪ್ಪು75:

ಬಾಗಿಲೇ ಬೇಡ. ಹಿಂಬದಿಯ ಒಂದು ಫಲಕವನ್ನು ಸ್ಕ್ರೂ ಬಿಚ್ಚಿ ತೆಗೆಯುವ ಹಾಗೆ ಮಾಡಿ, ಸುತ್ತ ಫೋಮ್ ಪಟ್ಟಿ ಅಂಟಿಸಿ. ಬಾಗಿಲಿದ್ದರೆ ಗಣ್ಯರು ಬಂದಾಗಲೆಲ್ಲ ತೆರೆಯುತ್ತಾರೆ. ಡ್ರೈನ್ ಪೈಪ್ ಹೊರಹೋಗುವ ತೂತಿಗೂ ಪುಟ್ಟಿ ಮೆತ್ತಿ, ಪೈಪಿನ ಹೊರತುದಿಗೆ ಒಂದು ತುಂಡು ಸೊಳ್ಳೆಪರದೆ ಕಟ್ಟಿ. ಬೆಲ್ಲದವರ ಕಪ್ಪು ಪರದೆಯಲ್ಲಿ ಒಂದಂಗುಲ ಉಳಿಯುತ್ತದಲ್ಲ, ಅದೇ ಸಾಕು.